ಇಂಟರ್‌ಮಿಟೆಂಟ್ ಯಾರು

ಮಲೇರಿಯಾ ಕೆಲಸದಲ್ಲಿದ್ದಾಗ ಜಯನಗರದಿಂದ ಸಾರಕ್ಕಿಗೆ ಸೈಕಲ್ಲಿನಲ್ಲಿ ಹೋಗಿ, ಮನೆಮನೆಯಲ್ಲೂ ಜ್ವರ ವಿಚಾರಿಸುತ್ತಿದ್ದೆ. ಫಾರಂ ಇಂಗ್ಲಿಷಿನಲ್ಲಿತ್ತು. ಜ್ವರ ‘ಕಂಟಿನ್ಯುಯಸ್ಸೋ’ ‘ಇಂಟರ್‌ಮಿಟೆಂಟೋ’, ಒಂದಕ್ಕೆ ಗುರುತು ಹಾಕಬೇಕು.

ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯನ್ನು ಕೇಳಿದೆ, “ಜ್ವರ ಬಿಟ್ಟು ಬಿಟ್ಟು ಬರುತ್ತಾ, ಅಜ್ಜಿ?”

“ಮೊನ್ನೆ ಬಂತು, ನಿನ್ನೆ ಇರ್ಲಿಲ್ಲ, ಇವತ್ತು ಬಂದೈತೆ.”

ಗುರುತು ಹಾಕಿದೆ.

“ಅದೇನು ಬರದ್ರಿ?”

“ಇಂಟರ್‌ಮಿಟೆಂಟ್ ಅಂತ. ಬರುತ್ತೆ, ಹೋಗುತ್ತೆ, ಮತ್ತೆ ಯಾವಾಗಲೋ ಬರುತ್ತೆ ಅಂತ ಅರ್ಥ.”

“ಅದು ಜ್ವರ ಅಲ್ಲ ಸ್ವಾಮಿ, ನೀವು. ನಾಳೆ ಮಾತ್ರೆ ತರ್ತೀನಿ ಅಂದು ಹೋದೋರು ತಿಂಗಳಾದ್ಮೇಲೆ ಬಂದಿದ್ದೀರಿ. ಜ್ವರಾನೇ ವಾಸಿ, ದಿನ ಬಿಟ್ಟು ದಿನ ತಪ್ಪದೆ ಬತ್ತದೆ.”

ಮಾರನೆಯ ದಿನ ಭಾನುವಾರ. ಮಾತ್ರೆ ತೆಗೆದುಕೊಂಡು ಹೋದೆ. ಅವತ್ತು ಜ್ವರಕ್ಕೆ ರಜ ಇತ್ತು, ನನಗಿರಲಿಲ್ಲ.