ಹರದ ಡಬ್ಬಿಗೆ ಅವ್ವ ಹಚ್ಚಿದ ಗಂಜಿ

ಅರವತ್ತಾರನೇ ಇಸವಿ. ಗಣಪತಿ ಹಬ್ಬಕ್ಕ ಇನ್ನ ಹದಿನೈದು ದಿವಸ ಇತ್ತು. ನಾ ಇಚಲಕರಂಜ್ಯಾಗ ಒಂದು ಮಗ್ಗದ ಕಾರಖಾನ್ಯಾಗ ಕೆಲಸಕ್ಕಿದ್ದೆ. ಇಪ್ಪತ್ತು ವರ್ಷದಾಂವ, ಮೂಗಿನ ತುದಿ ಮ್ಯಾಲೆ ಸಿಟ್ಟು. ಕೆಲಸ ಬಿಟ್ಟಮ್ಯಾಲೆ ಒಂದು ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ಬಾರಸತಿದ್ದೆ. ಗಿಟಾರ್ ಅಂದ್ರ ಅಂಗಡ್ಯಾಗಿಂದಲ್ಲ, ಬಡಗ್ಯಾನ ಕಡಿಂದ ಮಾಡಿಸಿ ದಪ್ಪ ತಂತಿ ಬಿಗದದ್ದು.

ಆರ್ಕೆಸ್ಟ್ರಾದ ಮಾಲಕ ಪ್ಯಾಟ್ಯಾಗಿನ ಅರಿವಿ ವ್ಯಾಪಾರಸ್ಥರ ಮಗ. ಅವಗ ಎಲ್ಲಾರೂ ದಾದಾ ಅಂತಿದ್ವಿ. "ಗಡಹಿಂಗ್ಲಜದಾಗ ದೊಡ್ಡ ಪ್ರೋಗ್ರಾಮ್ ಐತಿ, ನಿನಗೊಂದು ಆಂಪ್ಲಿಫೈಯರ್ ನೋಡಕೊ. ಅಲ್ಲಿ ಚಲೋ ಬಾರಿಸಿದ್ರ ಕಾಯಂ ಮಾಡಕೋತೇನಿ" ಅಂದಿದ್ದ. ಕಾಯಂ ಆದ್ರ ಮಗ್ಗದ ಸಪ್ಪಳದಿಂದ ಪಾರಾದೆ ಅಂತ ನನಗ ಕುಣಿಯೂ ಹಂಗ ಆಗಿತ್ತು.

ಕೊಲ್ಹಾಪುರಕ್ಕ ಹೋಗಿ ಒಂದು ಹಳೇ ರೇಡಿಯೋ ಅಂಗಡ್ಯಾಗ ಮೂರು ಆಂಪ್ಲಿಫೈಯರ್ ಡಬ್ಬಿ ಬಾರಿಸಿ ನೋಡಿದೆ. ಮೊದಲನೇದು ಸೊಳ್ಳಿ ಹಾಡಿದಂಗ. ಎರಡನೇದರ ದನಿ ಭಾಳ ಸ್ವಚ್ಛ, ಆದ್ರ ಉಪ್ಪಿಲ್ಲದ ಸಾರು. ಮೂರನೇದಕ್ಕ ಕೈ ಹಾಕೂದ್ರಾಗ ಅಂಗಡಿಯವರು, "ಅದನ್ನ ಬಿಡ್ರಿ, ಸ್ಪೀಕರಿನ ಕಾಗದ ಹರದೈತಿ" ಅಂದ್ರು. ಆದ್ರೂ ದಪ್ಪ ತಂತಿ ಮೀಟಿದೆ. ಗರ್ರ್ ಅಂತು. ಎಲ್ಲೋ ಕೇಳಿದ ದನಿ, ಎಲ್ಲಿ ಅಂತ ನೆನಪಾಗವಲ್ದು. "ಇದನ್ನ ಕೊಡ್ರಿ" ಅಂದೆ. ಈಗಿನ ಹುಡುಗರು ಇಂಥಾ ದನಿಗಾಗಿ ಕಾಲಾಗ ಒತ್ತೂ ಪೆಡಲ್ ಹುಡುಕ್ಯಾಡತಾರ. ಆವಾಗ ಅಂಥಾದ್ದು ಯಾರು ಕಂಡಿದ್ರು? ನನಗ ಆ ಹರದ ಕಾಗದನ ಪೆಡಲ್.

ದಾದಾ ಕೇಳಿ ಮಾರಿ ಕಿವುಚಿದ. "ಆವಾಜ ಫಾಟಲಾಯ ರೇ!" ದನಿ ಹರದೈತಿ ಅಂತ. "ಮಂದಿಗೆ ಸೇರತೈತಿ, ನೋಡ್ರಿ" ಅಂದೆ. ಮನಿಗೆ ತಂದು ಬಾರಿಸಿದೆ. ರೊಟ್ಟಿ ಬಡ್ಯಾಕತ್ತಿದ್ದ ಅವ್ವನ ಕೈ ನಿಂತಿತು.

ಮರುದಿವಸ ಕೆಲಸದಿಂದ ಬಂದು ಬಾರಿಸಿದ್ರ ಧಬ್ ಧಬ್, ಹೆಣದ ಮ್ಯಾಲೆ ಬಡದಂಗ. ಡಬ್ಬಿ ಬಿಚ್ಚಿ ನೋಡಿದೆ. ಅವ್ವ ನೂಲಿಗೆ ಗಂಜಿ ಹಚ್ಚೂ ಕಾರಖಾನ್ಯಾಗ ಕೆಲಸ ಮಾಡತಿದ್ಲು. ಆ ಗಂಜೀಲೆ ತೆಳ್ಳನ ಅರಿವಿ ತುಂಡು ಹಚ್ಚಿ, ಹರದದ್ದನ್ನ ಮುಚ್ಚಿಬಿಟ್ಟಿದ್ಲು. ಒಣಗಿ ಕಟಗಿ ಆಗಿತ್ತು.

"ಯಾರು ಹೇಳಿದ್ರು ನಿನಗ? ನಿನಗೇನು ತಿಳೀತೈತಿ ಇದರಾಗ?" ಅಂತ ಓಣಿಗೆಲ್ಲಾ ಕೇಳೂವಂಗ ಒದರಿದೆ.

ಅವ್ವ ನನಗಿಂತ ಜೋರ ಒದರಿದ್ಲು. "ನನಗ ತಿಳೀತೈತಿ, ನಿನಗ ತಿಳಿಯಂಗಿಲ್ಲ! ಅದು ನಿಮ್ಮಜ್ಜಿ ಒಂಟಿ ತಂತಿ ಚೌಡಕಿ ದನಿ. ಚೌಡಕಿ ಬಾರಿಸಿಕೋತ ಎಲ್ಲವ್ವನ ಹೆಸರೀಲೆ ಮನಿಮನಿ ಬೇಡಾಕ ಹೋಗತಿದ್ಲು, ಬುಟ್ಟಿ ನಾ ಹೊರತಿದ್ದೆ. ದೂರ ನಿಂತು ರೊಟ್ಟಿ ಒಗೀತಿದ್ರು, ನಾಯಿಗೆ ಒಗದಂಗ. ಬುದ್ಧನ ಮಾರ್ಗ ಹಿಡದಾಗ ಇದೇ ಕೈಲೆ ಆ ಚೌಡಕಿನ ಪಂಚಗಂಗಾ ಹೊಳ್ಯಾಗ ಬಿಟ್ಟೇನಿ. ಆ ದನಿ ನನ್ನ ಮನ್ಯಾಗ ಮತ್ತ ಬ್ಯಾಡ."

ಅಜ್ಜಿ ಸತ್ತಾಗ ನಾ ನಾಕ ವರ್ಷದಾಂವ. ಎಲ್ಲಿ ಕೇಳಿದ ದನಿ ಅನ್ನೂದು ಆವಾಗ ತಿಳೀತು. ತಿಳದ್ರೇನು, ಸಿಟ್ಟು ಇಳೀಬೇಕಲ್ಲ? ಬ್ಲೇಡ್ ತಗೊಂಡು ಅವ್ವನ ಮುಂದ ಆ ತುಂಡು ಕಿತ್ತೆ, ಕಾಗದ ಮತ್ತ ಹರೀತು. ಅವ್ವ ನೋಡಕೋತ ನಿಂತಿದ್ಲು.

ಗಡಹಿಂಗ್ಲಜದಾಗ ಮಂದಿ ಭಾಳ ಕೂಡಿತ್ತು. ಎರಡು ಹಾಡು ಚಲೋ ಹೋದುವು. ನನ್ನ ತಂತಿ ಗರ್ರ್ ಅಂದಾಗೊಮ್ಮೆ ಮಂದಿ ತಲಿ ತೂಗತಿದ್ರು. ಮೂರನೇ ಹಾಡಿನಾಗ ಮುಂದಿನ ಸಾಲಿನ ಒಬ್ಬ ಹುಡುಗ, "ಉಧೋ ಉಧೋ! ಜೋಗವಾ ಘ್ಯಾ!" ಅಂತ ಒದರಿದ. ದೇವಿ ಹೆಸರಿನ ಭಿಕ್ಷಾ ತಗೋ ಅಂತ. ಒಂದು ನಾಣ್ಯ ಒಗದ. ಅದು ನನ್ನ ಕಾಲಿಗೆ ಬಡದು ಬಿತ್ತು. ಮಂದಿ ಹೋ ಅಂತ ನಕ್ಕಿತು.

ಆ ಹುಡುಗಗ ನಮ್ಮ ಓಣಿ, ನಮ್ಮ ಜಾತಿ ಗೊತ್ತಿತ್ತೋ ಇಲ್ಲೋ. ದಾದಾಗ ಗೊತ್ತಿತ್ತು. ಅಂವ ನಕ್ಕೋತ ಬಂದು, ಬಗ್ಗಿ ಆ ನಾಣ್ಯ ಎತ್ತಿ, ನನ್ನ ಡಬ್ಬಿ ಮ್ಯಾಲೆ ಇಟ್ಟ. ಎಲ್ಲಾರೂ ನೋಡೂವಂಗ ಇಟ್ಟ. "ಘೇ ರೇ, ತುಝಾಚ ಆಹೇ." ತಗೋಳೋ, ನಿಂದ ಐತಿ ಅಂತ.

ಹಾಡು ನಡುವ ಇತ್ತು. ನಾ ವಾಯರ್ ಕಿತ್ತೆ. ಆ ನಾಣ್ಯ ಅವನ ಎದಿಗೆ ಒಗದೆ. ಡಬ್ಬಿ ಹೆಗಲ ಮ್ಯಾಲೆ ಇಟಗೊಂಡು ಇಳದೆ. "ಕಾಯಂ ನೌಕರಿ ಹೋತು ನೋಡಲೇ!" ಅಂತ ಹಿಂದಿಂದ ದಾದಾ ಒದರಾಕತ್ತಿದ್ದ. ಹೋಗಲಿ, ಹಾಳಾಗಿ ಹೋಗಲಿ.

ಮರುದಿವಸ ಮನಿಗೆ ಬಂದು ಎಲ್ಲಾ ಹೇಳಿ, ಡಬ್ಬಿ ಅವ್ವನ ಮುಂದ ಇಟ್ಟೆ. "ನೀ ಹೇಳಿದ್ದು ಖರೆ ಇತ್ತವ್ವಾ. ಗಂಜಿ ಹಚ್ಚು."

ಅವ್ವ ಡಬ್ಬಿ ನನ್ನ ಕಡೆ ಸರಿಸಿದ್ಲು. ಆಮ್ಯಾಲೆ, "ಹಚ್ಚಂಗಿಲ್ಲ" ಅಂದ್ಲು. "ನನ್ನ ಸಿಟ್ಟೀಲೆ ನಾ ಹಚ್ಚಿದ್ದು ಬ್ಯಾರೆ. ಅವರು ನಕ್ಕರು ಅಂತ ಹಚ್ಚಿದ್ರ, ಅವರ ಮಾತು ಗೆದ್ದಂಗ. ನಿಮ್ಮಜ್ಜಿ ಕೈಯಾಗ ಅದು ಹೊಟ್ಟಿಗಾಗಿ ಬೇಡತಿತ್ತು. ನೀ ಯಾರನ್ನೂ ಬೇಡಬ್ಯಾಡ. ಬಾರಿಸು. ನಮ್ಮ ಓಣ್ಯಾಗ ಬುದ್ಧ ಜಯಂತಿಗೆ ಬಾರಿಸು, ನಾ ಮುಂದ ಕುಂತು ಕೇಳತೇನಿ."

ಜಯಂತಿಗೆ ಬಾರಿಸಿದೆ. ಹೇಳಿದಂಗ ಅವ್ವ ಮೊದಲನೇ ಸಾಲಿನಾಗ ಕುಂತಳು. ತಂತಿ ಗರ್ರ್ ಅಂದಾಗೊಮ್ಮೆ ಆಕಿ ಮಾರಿ ಬಿಗೀತಿತ್ತು, ಚಪ್ಪಾಳಿ ಹೊಡೀಲಿಲ್ಲ. ಆದ್ರ ಕಡೀತನಕ ಎದ್ದು ಹೋಗಲಿಲ್ಲ.

ಮಗ್ಗದಾಗ ಇನ್ನ ಮೂವತ್ತು ವರ್ಷ ದುಡದೆ. ಅವ್ವನ ಮುಂದ ಬ್ಲೇಡ್ ಹಿಡದದ್ದಕ್ಕ ಇವತ್ತಿಗೂ ನಾಚಿಕಿ ಆಗತೈತಿ. ದಾದಾನ ಮ್ಯಾಲಿನ ಸಿಟ್ಟು ಮಾತ್ರ ಇಳದಿಲ್ಲ. ಇಳೀಬಾರದು ಅಂತನ ನಾನೂ ಇಟಗೊಂಡೇನಿ.