ಕರಿ ರಟ್ಟು ಹಿಡಿದವಳು

ನಾದಿನಿ ಚೀಲ ಕೆಳಗಿಡುವ ಮೊದಲೇ ಕೇಳಿದಳು: "ಭಾವ, ಅಕ್ಕನ ಫೋಟೋ ಸಿಕ್ತಾ? ನಾಳೆ ಬೆಳಗ್ಗೆ ಹತ್ತಕ್ಕೆ ನನ್ನ ರೈಲು. ಒಂದಾದ್ರೂ ಇಲ್ಲದೆ ನಾನು ಹೋಗಲ್ಲ."

"ಹುಡುಕ್ತಾ ಇದೀನಿ" ಎಂದರು ಲ್ಯಾಬ್ ಮೇಷ್ಟ್ರು. ನಾಲ್ಕು ದಿನದಿಂದ ಅವರು ಮಾಡಿದ್ದು ಅದೊಂದೇ ಕೆಲಸ.

ಹೆಸರಿಗೆ ಮೇಷ್ಟ್ರು, ಪಾಠ ಮಾಡಿದವರಲ್ಲ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಗಾಜಿನ ಸ್ಲೈಡು ಒರೆಸಿ, ಒಣಗಿದ ಎಲೆಗಳಿಗೆ ಚೀಟಿ ಅಂಟಿಸಿದವರು. ನಿವೃತ್ತರಾದ ಮೇಲೆ ಆ ಶಿಸ್ತೆಲ್ಲ ಮನೆಯ ಹಿಂದಿನ ಹದಿನಾಲ್ಕು ಅಡಿ ಅಗಲದ ತೋಟಕ್ಕೆ ಇಳಿಯಿತು. ತೋಟ ಹೆಂಡತಿಯದು. ಅವಳು ನೆಡುತ್ತಿದ್ದಳು, ಇವರು ಫೋಟೋ ತೆಗೆಯುತ್ತಿದ್ದರು. ವಸಂತದ ಕೊನೆಯ ಐದು ವಾರ ಗುಲಾಬಿ, ಗಸಗಸೆ, ಐರಿಸ್ ಹೂಗಳು ನಾ ಮುಂದು ತಾ ಮುಂದು ಎಂದು ಅರಳುತ್ತಿದ್ದವು. ಆ ದಿನಗಳಲ್ಲಿ ಮನೆಯಲ್ಲಿ ಕಾಫಿ ಕೂಡ ಬೆಳಕು ನೋಡಿಕೊಂಡೇ ಕುದಿಯಬೇಕು.

ಬಿಸಿಲು ಗೋಡೆ ದಾಟುವ ಮುಂಚೆ, ಏಳು ಗಂಟೆಗೆ ಕೆಲಸ ಶುರು. ಹೂವಿನ ಪಕ್ಕದಲ್ಲಿ ಅಳತೆಪಟ್ಟಿ, ಹಿಂದೆ ಒಂದು ಕರಿ ರಟ್ಟು. ಅದನ್ನು ಹಿಡಿದು ಮೊಣಕಾಲೂರಿ ಕೂರುವವಳು ಹೆಂಡತಿ.

"ಇನ್ನೂ ಎಡಕ್ಕೆ."

"ಎಡಕ್ಕೆ ಗೋಡೆ ಇದೆ. ಗೋಡೆ ಒಳಗೆ ಹೋಗ್ಲಾ?"

"ಸ್ವಲ್ಪ ಕೆಳಗೆ."

"ಆ ಗುಲಾಬೀನ ನೋಡೋ ಹಾಗೆ ಮದುವೆಗೆ ಮುಂಚೆ ನನ್ನನ್ನ ನೋಡಿದ್ದಿದ್ರೆ, ನಮ್ಮಪ್ಪ ಪೊಲೀಸರನ್ನ ಕರೀತಿದ್ರು."

ಹೇಳಿ ತಾನೇ ನಗುವಳು. ನಕ್ಕರೆ ರಟ್ಟು ಅಲುಗುವುದು. ಅಲುಗಾಟ ನಿಲ್ಲುವ ತನಕ ಮೇಷ್ಟ್ರು ಉಸಿರು ಹಿಡಿದು ಕಾಯುವರು.

ಕಳೆದ ಚಳಿಗಾಲದಲ್ಲಿ ಬಂದ ಜ್ವರ ಅವಳನ್ನು ಆರನೇ ದಿನಕ್ಕೆ ತೆಗೆದುಕೊಂಡು ಹೋಯಿತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳ ಚಿತ್ರ ಎಂದು ಇದ್ದದ್ದು ಎರಡೇ. ಮೂವತ್ನಾಲ್ಕು ವರ್ಷದ ಹಿಂದಿನ ಮದುವೆಯ ಗುಂಪಿನ ಫೋಟೋದಲ್ಲಿ ತಲೆ ತಗ್ಗಿಸಿದ್ದಾಳೆ, ಬೈತಲೆಯಷ್ಟೇ ಕಾಣುತ್ತದೆ. ಗುರುತಿನ ಚೀಟಿಯಲ್ಲಿ ಕಣ್ಣು ಅರ್ಧ ಮುಚ್ಚಿದೆ.

ಚೀಟಿ ನೋಡಿ ನಾದಿನಿ ಮುಖ ಕಿವುಚಿದಳು. "ಇದು ಅಕ್ಕ ಅಲ್ಲ ಭಾವ. ಕಳ್ಳತನ ಒಪ್ಕೊಂಡವಳ ಹಾಗಿದಾಳೆ. ನನ್ನ ಹತ್ರ ಇರೋದು ಎರಡು ಜಡೆ ಹಾಕಿದ ಅಕ್ಕ, ಹನ್ನೊಂದು ವರ್ಷದವಳು. ನೀವು ಇಷ್ಟೊಂದು ಫೋಟೋ ತೆಗೆದವರು, ಯಾವುದೋ ಮೂಲೇಲಿ ಇದ್ದೇ ಇರ್ತಾಳೆ. ಬನ್ನಿ, ನಾನೂ ನೋಡ್ತೀನಿ."

ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತರು. ಏಳು ವಸಂತ, ಆರು ಸಾವಿರ ಚಿಲ್ಲರೆ ಚಿತ್ರ. ಹೂವು, ಕಪ್ಪು. ಹೂವು, ಕಪ್ಪು. ಮಧ್ಯಾಹ್ನದ ಹೊತ್ತಿಗೆ ಒಂದು ಐರಿಸ್‌ನ ಕೆಳಗಿನ ಅಂಚಿನಲ್ಲಿ ಹೆಬ್ಬೆರಳ ತುದಿ ಕಂಡಿತು, ಉಗುರಿನಲ್ಲಿ ಮಣ್ಣು. "ಅಕ್ಕಂದೇ!" ಎಂದು ನಾದಿನಿ ಅದನ್ನು ಹಿಗ್ಗಿಸುತ್ತಾ ಹೋದಳು, ಬೆರಳು ಒಡೆದು ಬಣ್ಣದ ಚೌಕಗಳಾಗುವ ತನಕ.

ಆಮೇಲೆ ಕೇಳಿದಳು: "ಇದೇನು, ನಡುನಡುವೆ ನಂಬರೇ ಇಲ್ಲ? ಇನ್ನೂರ ಹನ್ನೆರಡು ಆದ್ಮೇಲೆ ಇನ್ನೂರ ಹದಿನಾಲ್ಕು?"

ಮೇಷ್ಟ್ರು ಎದ್ದು, ಕಪಾಟಿನಿಂದ ದಪ್ಪನೆಯ ದಾಖಲೆ ಪುಸ್ತಕ ತಂದಿಟ್ಟರು. ಕ್ರಮಸಂಖ್ಯೆ, ದಿನಾಂಕ, ಹೊತ್ತು, ಹೂವು, ಕೊನೆಯಲ್ಲಿ ಷರಾ. ಇನ್ನೂರ ಹದಿಮೂರರ ಎದುರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿತ್ತು: ಅಡ್ಡಿ. ಅಳಿಸಿದೆ.

"ಅಡ್ಡಿ ಅಂದ್ರೆ ಏನು? ಗಾಳಿನಾ?"

"ಗಾಳಿಗೆ ಗಾಳಿ ಅಂತಲೇ ಬರೆದಿದೀನಿ." ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಅಡ್ಡಿ ಅಂದ್ರೆ ನಿಮ್ಮಕ್ಕ. ಮುಖ ಬಂದುಬಿಡ್ತಿತ್ತು. ಕೆಟ್ಟ ಸ್ಲೈಡನ್ನ ಪೆಟ್ಟಿಗೇಲಿ ಇಡಬಾರದು ಅಂತ ನಮ್ಮ ಲ್ಯಾಬಿನ ನಿಯಮ."

ಅವಳು ಹಾಳೆ ತಿರುವಿದಳು. ಅಡ್ಡಿ, ಅಡ್ಡಿ, ಗಾಳಿ, ಅಡ್ಡಿ. ಮೇಷ್ಟ್ರು ಎಣಿಸಿ ಆಗಿತ್ತು. ನೂರ ಹದಿನೆಂಟು.

ಬೈಯುತ್ತಾಳೆಂದು ಅವರು ಕಾದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದಳು: "ಇದನ್ನ ಬಾಯಲ್ಲಿ ಹೇಳಿ ಭಾವ. ಮೇ ಒಂಬತ್ತು, ಏಳು ಹನ್ನೆರಡು. ಅಕ್ಕ ಹೇಗಿದ್ಲು?"

ಮೇಷ್ಟ್ರು ಕಣ್ಣು ಮುಚ್ಚಿದರು. "ಗಸಗಸೆ ಹೂ. ತಿಳಿ ಕಿತ್ತಳೆ. ನಾಲ್ಕು ದಳ, ಒಂದರ ಅಂಚು ಹರಿದಿತ್ತು. ಅಗಲ ಏಳೂವರೆ ಸೆಂಟಿಮೀಟರ್. ಬೆಳಕು ಬಲಗಡೆಯಿಂದ..."

"ಅಕ್ಕ, ಭಾವ."

"ಹಿಂದೆ ಇದ್ಲು."

"ಯಾವ ಬಣ್ಣದ ಬಟ್ಟೆ? ಕೂದಲು ಕಟ್ಟಿದ್ಲಾ, ಬಿಟ್ಟಿದ್ಲಾ?"

ಅವರು ತಡಕಾಡಿದರು. ಹರಿದ ದಳದ ನೆರಳು ಯಾವ ಕಡೆ ಬಿದ್ದಿತ್ತೆಂಬುದು ನೆನಪಿತ್ತು. ಅದರಾಚೆ ಬರೀ ಕಪ್ಪು.

"ಏನೋ ಹೇಳ್ತಾ ತಲೆ ಎತ್ತಿದ್ಲು" ಎಂದರು ಕೊನೆಗೆ.

"ಏನು ಹೇಳ್ತಾ?"

"ಗೊತ್ತಿಲ್ಲ ಕಣಮ್ಮ. ಸುಮ್ನಿರು ಅಂದೆ."

ಮರುದಿನ ಬೆಳಗ್ಗೆ ನಾದಿನಿ ಗುರುತಿನ ಚೀಟಿಯನ್ನೇ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ದೊಡ್ಡದು ಮಾಡಿಸಿ, ಇದನ್ನ ವಾಪಸ್ ಕಳಿಸ್ತೀನಿ ಭಾವ. ನಿಮಗೂ ಒಂದು ಬೇಕಲ್ಲ."

ಮೇಷ್ಟ್ರು ಚೀಲವನ್ನು ಗೇಟಿನವರೆಗೆ ಹೊತ್ತು ತಂದರು.

"ಬೇಡ, ನೀನೇ ಇಟ್ಕೋ" ಎಂದರು. "ನನಗೆ ನೋಡೋಕೆ ಮೂವತ್ನಾಲ್ಕು ವರ್ಷ ಇತ್ತು."