ಜಾಲರಿ ಮೇಸ್ತ್ರಿ ಕಟ್ಟುವ ನೀಲಿ ದಾರ

ಬೆಳಗಿನ ಆರು ಗಂಟೆ. ಜಾಲರಿ ಮೇಸ್ತ್ರಿ ಮರದ ಪಟ್ಟಿಯೊಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. ಹಸಿ ಉಳಿದಿರುವ ಮರ ಕೆನ್ನೆಗೆ ತಣ್ಣಗೆ ತಾಗುತ್ತದಂತೆ. ಕೈಗೆ ಅದು ತಿಳಿಯುವುದಿಲ್ಲ, ನಲವತ್ತು ವರ್ಷ ಉಳಿ ಹಿಡಿದ ಕೈ ಜಡ್ಡುಗಟ್ಟಿದೆ. ಪಟ್ಟಿ ಒಣಗಿದೆ ಎಂದು ಕೆನ್ನೆ ಒಪ್ಪಿದರೆ ಬಲಗಡೆ ಇಡುತ್ತಾರೆ, ಒಪ್ಪದಿದ್ದರೆ ಎಡಗಡೆ. ನಾನು ಬಂದು ಅರ್ಧ ಗಂಟೆಯಾಯಿತು, ಎಡಗಡೆಯ ರಾಶಿಯೇ ಬೆಳೆಯುತ್ತಿದೆ.

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಕೆಲಸದ ಮನೆ. ಹೊರಗೆ ಬೋರ್ಡಿಲ್ಲ. ಬೋರ್ಡು ಬರೆಸಿ ಎಂದು ಹೇಳಿ ಹೇಳಿ ಅವರ ಹೆಂಡತಿಯ ಬಾಯಿ ಬತ್ತಿದೆ. ಏನಂತ ಬರೆಸುವುದು ಎಂಬುದು ಮೇಸ್ತ್ರಿಯ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಅವರು ಮಾಡುವುದು ಮಂಚವಲ್ಲ, ಮೇಜಲ್ಲ. ಮಲಗುವ ಕೋಣೆಯ ಹೀಟರು ಕಣ್ಣಿಗೆ ಬೀಳದಂತೆ ಅದರ ಮುಂದೆ ನಿಲ್ಲಿಸುವ ಜಾಲರಿ ಪೆಟ್ಟಿಗೆಗಳು.

ನಾವಿರುವ ಈ ಬೆಟ್ಟದ ಊರಿನಲ್ಲಿ ವರ್ಷಕ್ಕೆ ಐದು ತಿಂಗಳು ಚಳಿ. ಹಳೆಯ ಮನೆಗಳ ಪ್ರತಿ ಕೋಣೆಯ ಗೋಡೆಗೂ ಒಂದು ಕಬ್ಬಿಣದ ಹೀಟರು ಅಂಟಿಕೊಂಡಿರುತ್ತದೆ. ಅದರೊಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಾಗುತ್ತದೆ. ಉಪಕಾರಿ ಜೀವಿ, ಆದರೆ ರೂಪ ಮಾತ್ರ ಯಾರಿಗೂ ಬೇಡ. ಬಣ್ಣ ಎದ್ದು, ತುಕ್ಕು ಇಳಿದು, ಪಕ್ಕೆಲುಬಿನಂಥ ಕೊಳವೆ ಬಿಟ್ಟುಕೊಂಡು ನಿಂತಿರುತ್ತದೆ. ನಮ್ಮ ಮನೆಯದ್ದಂತೂ ಮಂಚದ ಎದುರಿಗೇ ಇತ್ತು. ಬೆಳಗ್ಗೆ ಎದ್ದ ಕೂಡಲೇ ಮೊದಲು ಕಾಣುವುದು ಇದರ ಮುಖವೇ ಎಂದು ನಮ್ಮ ಯಜಮಾನರು ಗೊಣಗುತ್ತಿದ್ದರು. ಎರಡನೆಯದಾಗಿ ನನ್ನ ಮುಖ ಕಾಣುತ್ತದಲ್ಲ, ಅದರ ಬಗ್ಗೆ ಅವರು ಏನೂ ಹೇಳದ್ದು ನನಗೆ ಸಮಾಧಾನ. ಕಳೆದ ಬೇಸಿಗೆಯಲ್ಲಿ ಯಾರೋ ಕೊಟ್ಟ ಫೋನ್ ನಂಬರು ಹಿಡಿದು ಮೇಸ್ತ್ರಿಯನ್ನು ಕರೆಸಿದೆ. ಪತ್ರಿಕೆಯ ಪುರವಣಿಗೆಂದು ಈ ಬರಹ ಹುಟ್ಟಿದ್ದು ಹಾಗೆ.

ಮೇಸ್ತ್ರಿ ಐವತ್ತೆಂಟರ ಸಣಕಲು ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಕೊರಳಲ್ಲಿ ಅಳತೆ ಟೇಪು. ಇಪ್ಪತ್ತೆರಡು ವರ್ಷಗಳಲ್ಲಿ ಹತ್ತಿರ ಹತ್ತಿರ ನಾನೂರು ಪೆಟ್ಟಿಗೆ ಮಾಡಿದ್ದಾರೆ. ಒಂದು ಪೆಟ್ಟಿಗೆಗೆ ಆರು ದಿನ, ಅರುವತ್ತನಾಲ್ಕು ಪಟ್ಟಿ. ಪಟ್ಟಿಗಳನ್ನು ಒಂದರ ಮೇಲೊಂದು ಓರೆಯಾಗಿ ಕೂರಿಸಿದರೆ ಜಾಲರಿ. ಬಣ್ಣದ ಕೆಲಸ ಹೆಂಡತಿಯದು. ಆಕೆ ಬ್ರಷ್ಷು ಹಿಡಿದರೆ ಮೇಸ್ತ್ರಿ ಹತ್ತಿರ ಸುಳಿಯುವಂತಿಲ್ಲ. ಕರೆಂಟಿನ ಹೀಟರಿಗೆ ಪೆಟ್ಟಿಗೆ ಮಾಡಿಕೊಡಿ ಎಂದು ಬಂದವರನ್ನು ಇಬ್ಬರೂ ಸೇರಿ ಬಾಗಿಲಿಂದಲೇ ವಾಪಸು ಕಳಿಸುತ್ತಾರೆ. ಅದು ಬೆಂಕಿಗೆ ನಾವೇ ಸೌದೆ ಒಡ್ಡಿದ ಹಾಗೆ ಎನ್ನುತ್ತಾರೆ ಹೆಂಡತಿ.

ಈ ಕೆಲಸಕ್ಕೆ ಹೆಸರು ಬರುವುದಿಲ್ಲ ಎಂಬುದನ್ನು ಮೇಸ್ತ್ರಿ ಎಂದೋ ಒಪ್ಪಿಕೊಂಡಿದ್ದಾರೆ.

“ಬಾಗಿಲು ಮಾಡೋರಿಗೆ ಹೆಸರು ಮೇಡಂ. ಬಂದೋರೆಲ್ಲ ನೋಡ್ತಾರೆ, ಯಾರು ಮಾಡಿದ್ದು ಅಂತ ಕೇಳ್ತಾರೆ. ನಂದು ಮಲಗೋ ಕೋಣೇಲಿರೋ ಕೆಲಸ. ಅಲ್ಲಿಗೆ ನೆಂಟರೂ ಬರಲ್ಲ.”

ನೆಂಟರು ಹಾಗಿರಲಿ, ಮಾಡಿದವರೇ ತಿರುಗಿ ಹೋಗುವಂತಿಲ್ಲ. ಹೀಟರು ಆರಿರುವ ಬೇಸಿಗೆಯಲ್ಲಿ ಮಾತ್ರ ಜನ ಮಲಗುವ ಕೋಣೆ ತೆರವು ಮಾಡಿ ಅವರನ್ನು ಒಳಗೆ ಬಿಡುತ್ತಾರೆ. ಚಳಿ ಹಿಡಿಯುವ ಹೊತ್ತಿಗೆ ಆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ, ಮೇಸ್ತ್ರಿ ಕುರ್ಚಿಯ ಕಾಲು, ಕಪಾಟಿನ ಕದ ಎಂದು ಸಣ್ಣಪುಟ್ಟ ರಿಪೇರಿ ಹಿಡಿದಿರುತ್ತಾರೆ. ನಾನೂರು ಪೆಟ್ಟಿಗೆ ಮಾಡಿದವರು, ತಮ್ಮ ಒಂದೇ ಒಂದು ಜಾಲರಿಯಿಂದಲೂ ಬಿಸಿ ಹೊರಗೆ ಬರುವುದನ್ನು ಕಂಡಿಲ್ಲ. ಅವರ ಸ್ವಂತ ಮನೆಯಲ್ಲಿ ಇರುವುದು ಕರೆಂಟಿನ ಹೀಟರು.

ಕೆಲಸದ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟ ಒಂದು ಪೆಟ್ಟಿಗೆಯಿದೆ. ಯಾರ ಮನೆಗೆ ಎಂದು ಕೇಳಿದೆ. ಮೇಸ್ತ್ರಿ ಅಳತೆ ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರು. ಉತ್ತರ ಕೊಟ್ಟದ್ದು ಹೆಂಡತಿ. ಅದು ಅವರು ಮಾಡಿದ ಮೊದಲನೆಯ ಪೆಟ್ಟಿಗೆ, ಅವರ ಅಕ್ಕನಿಗೆ ಮಾಡಿದ್ದು.

ಮೇಸ್ತ್ರಿಗೆ ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಹದಿನೈದರ ಅಕ್ಕ ಅವರನ್ನು ಸಾಕಿದಳು. ಬಡಗಿಯ ಕೆಲಸ ಕಲಿಯಲು ಕಳಿಸಿದವಳೂ ಅವಳೇ. ತಮ್ಮ ಒಂದು ದಾರಿ ಹಿಡಿದ ಮೇಲೆಯೇ ಮದುವೆಯಾದಳು. ಅವಳ ಮಲಗುವ ಕೋಣೆಯ ಕಿಟಕಿಯ ಕೆಳಗೆ ಏಳು ಪಕ್ಕೆಲುಬಿನ ಸಣ್ಣ ಹೀಟರು. ಕಣ್ಣು ಬಿಟ್ಟರೆ ಯಾರದೋ ಎದೆಗೂಡು ಕಂಡ ಹಾಗಾಗುತ್ತದೆ ಕಣೋ ಎಂದು ಅವಳೊಮ್ಮೆ ನಗುತ್ತ ಹೇಳಿದಳು. ತಮ್ಮ ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳು ಕೂತು, ಮುಂದಿನ ಹಲಗೆಯ ಪೂರ್ತಿ ಹೂಬಳ್ಳಿ ಕೆತ್ತಿ, ಪೆಟ್ಟಿಗೆ ಮಾಡಿಕೊಟ್ಟರು. ಹೂವು ಕೆಡುತ್ತದೆ ಎಂದು ಒಂದು ತೂತೂ ಕೊರೆಯಲಿಲ್ಲ. ಹೀಟರನ್ನು ಮುಚ್ಚಿದರು, ಬಿಸಿಯನ್ನೂ ಮುಚ್ಚಿದರು.

ಆ ಚಳಿಗಾಲ ಅಕ್ಕನ ಮನೆಗೆ ಹೋದಾಗಲೆಲ್ಲ ಮೇಸ್ತ್ರಿ ಕೇಳುತ್ತಿದ್ದರು, ಬಿಸಿ ಬರುತ್ತಾ ಎಂದು. ಅಕ್ಕ ಹೇಳುತ್ತಿದ್ದ ಮಾತನ್ನು ಅವರು ನನಗೆ ಅವಳ ದನಿಯಲ್ಲೇ ಹೇಳಿ ತೋರಿಸಿದರು.

“ಸೆಕೆ ಆಗುತ್ತೆ ಕಣೋ, ಬೆವರ್ತೀನಿ.”

ಒಳಗೆ ಹೋಗಿ ನೋಡೋಣವೆಂದರೆ ಅದು ಅಕ್ಕ ಭಾವ ಮಲಗುವ ಕೋಣೆ. ಮೇಸ್ತ್ರಿ ಹೊರಗಿನ ಕೋಣೆಯಲ್ಲಿ ಕೂತು ಚಹಾ ಕುಡಿದು ಬರುತ್ತಿದ್ದರು. ಹಾಗೆ ಮೂರು ಚಳಿಗಾಲ ಕಳೆದವು. ನಾಲ್ಕನೆಯದು ಬರುವ ಮೊದಲು ಅಕ್ಕ ಹೋದಳು, ಚಳಿಗೂ ಪೆಟ್ಟಿಗೆಗೂ ಸಂಬಂಧವಿಲ್ಲದ ಕಾಯಿಲೆಯಿಂದ. ಮನೆ ಖಾಲಿ ಮಾಡುವ ದಿನ ಭಾವ ಪೆಟ್ಟಿಗೆಯನ್ನು ಹಿಂದಕ್ಕೆ ಕೊಡುತ್ತ ನಿಜ ಹೇಳಿದರು. ಅವಳು ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದಳು, ಪೆಟ್ಟಿಗೆ ತೆಗೆದಿಡೋಣ ಎಂದರೆ ಬಿಡಲಿಲ್ಲ, ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ, ಹೇಳಬೇಡಿ ಎಂದಿದ್ದಳು.

“ಆವತ್ತಿಂದ ನಾನು ಯಾರನ್ನೂ ಬಿಸಿ ಬರುತ್ತಾ ಅಂತ ಕೇಳಲ್ಲ ಮೇಡಂ,” ಎಂದರು ಮೇಸ್ತ್ರಿ. “ಪ್ರೀತಿ ಇದ್ದೋರು ಸುಳ್ಳು ಹೇಳ್ತಾರೆ. ದಾರ ಕಟ್ತೀನಿ. ದಾರಕ್ಕೆ ನನ್ನ ಮೇಲೆ ಪ್ರೀತಿ ಇಲ್ಲ.”

ಪೆಟ್ಟಿಗೆಯ ಮೇಲ್ಗಡೆ, ಬಿಸಿಗಾಳಿ ಹೊರಗೆ ಬರುವ ಸಂದಿಯಲ್ಲಿ, ಅವರು ಗೇಣುದ್ದದ ಒಂಟಿ ಎಳೆ ನೀಲಿ ದಾರ ಕಟ್ಟಿಹೋಗುತ್ತಾರೆ. ಕೆಳಗಿನ ಸಂದಿಯಿಂದ ತಣ್ಣನೆ ಗಾಳಿ ಒಳಗೆ ಹೋಗಬೇಕು, ಕಾದು ಮೇಲಿನಿಂದ ಹೊರಬರಬೇಕು. ಬಂದರೆ ದಾರ ಅಲುಗಾಡುತ್ತದೆ. ಅಲುಗದಿದ್ದರೆ ಫೋನ್ ಮಾಡಿ, ಬಂದು ಸರಿ ಮಾಡುತ್ತೇನೆ ಎಂದು ಮನೆಯವರಿಗೆ ಎರಡು ಸಲ ಹೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಬಂದ ಫೋನುಗಳೆಷ್ಟು ಎಂದು ಕೇಳಿದೆ. ಒಂದೂ ಇಲ್ಲ. ಎಲ್ಲ ಕಡೆ ಅಲುಗಾಡುತ್ತಿದೆ ಎಂದುಕೊಳ್ಳಬಹುದಲ್ಲ ಎಂದೆ. ಅಂದುಕೊಳ್ಳಬಹುದು ಎಂದು ಮೇಸ್ತ್ರಿ ಮತ್ತೊಂದು ಪಟ್ಟಿಯನ್ನು ಕೆನ್ನೆಗೆ ಹಿಡಿದರು.

ಆ ಹೊತ್ತಿನಲ್ಲಿ ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ. ನಮ್ಮ ಮನೆಯ ದಾರವನ್ನು ನಾನು ಕತ್ತರಿಸಿ ಎಸೆದಾಗಿತ್ತು. ಅವರು ಎರಡು ಸಲ ಹೇಳಿದ್ದು ನಿಜವೇ, ಎರಡೂ ಸಲ ನಾನು ಫೋನಿನಲ್ಲಿದ್ದೆ. ಹೊಸ ಪೆಟ್ಟಿಗೆಯ ಮೇಲೆ ಯಾವುದೋ ದಾರ ಉಳಿದುಬಿಟ್ಟಿದೆ, ಪಾಪ, ಕಣ್ಣು ಮಂಜಾಗಿರಬೇಕು ಎಂದುಕೊಂಡು ಕತ್ತರಿ ಆಡಿಸಿದ್ದೆ.

ಮನೆಗೆ ಬಂದವಳೇ ಹೊಲಿಗೆ ಡಬ್ಬಿಯಿಂದ ನೀಲಿ ದಾರ ಹುಡುಕಿ ಕಟ್ಟಿದೆ. ಬರಹವನ್ನೂ ಬರೆದು ಮುಗಿಸಿದೆ. ಚಳಿಯ ಮೊದಲ ಬೆಳಗ್ಗೆ ದಾರ ಅಲುಗಾಡುತ್ತಿದೆ, ಎಲ್ಲೋ ಒಬ್ಬ ಮೇಸ್ತ್ರಿಗೆ ಅದು ಗೊತ್ತಿಲ್ಲ ಎಂದು ಮುಗಿಯುವ ಚೆಂದದ ಕೊನೆ. ಇನ್ನು ಚಳಿ ಬರುವುದೊಂದೇ ಬಾಕಿ ಎಂದು ಪುರವಣಿಯ ಸಂಪಾದಕರಿಗೆ ಹೇಳಿಟ್ಟೆ.

ಚಳಿ ಬಂತು. ಹೀಟರು ಕಾದಿತು. ದಾರ ಅಲುಗಾಡಲಿಲ್ಲ.

ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಉಸಿರು ಬಿಟ್ಟರೆ ಅಲುಗುತ್ತಿತ್ತು, ಅದು ನನ್ನ ಉಸಿರು. ಹಾಸಿಗೆಯಲ್ಲಿ ಕಾಲು ಮುದುಡಿಕೊಂಡು ನಾನು ಯೋಚಿಸಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಬರಹದ ಕೊನೆ ಚೆನ್ನಾಗಿದೆ, ಹಾಗೇ ಇರಲಿ, ಅವರೇನು ನಮ್ಮ ಮಲಗುವ ಕೋಣೆಗೆ ಬಂದು ನೋಡುತ್ತಾರೆಯೇ? ಓದಿದರೆ ಅವರಿಗೂ ಸಂತೋಷವೇ. ಹೀಗೆಂದುಕೊಳ್ಳುತ್ತ ಎದ್ದು ಕಪಾಟಿನಿಂದ ಕಾಲುಚೀಲ ತೆಗೆದೆ. ಎರಡನೆಯ ಜೊತೆಗೆ ಕೈ ಹಾಕಿದಾಗ ಆ ಅಕ್ಕನ ನೆನಪಾಯಿತು. ಬೆಳಗಾಗುವುದನ್ನೇ ಕಾದು ಫೋನ್ ಮಾಡಿದೆ.

ದಾರ ಅಲುಗಾಡುತ್ತಿಲ್ಲ ಮೇಸ್ತ್ರಿ ಎಂದೆ. ಈಗಲೇ ಬರ್ತೀನಿ ಮೇಡಂ ಎಂದರು. ಬೈಸಿಕೊಂಡವರ ದನಿಯಾಗಿರಲಿಲ್ಲ, ಬಹಳ ದಿನದಿಂದ ಕಾದ ಕಾಗದ ಕೈಗೆ ಬಂದವರ ದನಿಯಾಗಿತ್ತು.

ಅರ್ಧ ಗಂಟೆಯಲ್ಲಿ ಬಂದರು. ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಕೋಣೆಯ ಬಾಗಿಲಲ್ಲಿ ನಿಂತು ನೆಲ ನೋಡಿದರು. ಚಳಿಗೆಂದು ನಾವು ಹಾಸಿದ ದಪ್ಪ ಕಂಬಳಿ ಹಾಸು ಪೆಟ್ಟಿಗೆಯ ಬುಡದವರೆಗೂ ಇತ್ತು. ತಣ್ಣನೆ ಗಾಳಿ ಒಳಗೆ ಹೋಗಲು ಅವರು ಬಿಟ್ಟಿದ್ದ ಎರಡು ಬೆರಳ ಸಂದಿಯನ್ನು ಅದರ ಅಂಚು ಪೂರ್ತಿ ಮುಚ್ಚಿತ್ತು. ಮೇಸ್ತ್ರಿ ಮಂಡಿಯೂರಿ ಹಾಸನ್ನು ಮಡಚಿದರು. ತಪ್ಪು ನಮ್ಮದೇ ಎಂದೆ ನಾನು. ಅವರು ಅಲ್ಲವೆಂದು ತಲೆಯಾಡಿಸಿದರು.

“ನಂದೇ ಮೇಡಂ. ಚಳೀಲಿ ಜನ ನೆಲಕ್ಕೆ ಹಾಸ್ತಾರೆ ಅಂತ ನಂಗೆ ಗೊತ್ತಿರಬೇಕಿತ್ತು. ಚಳಿಗಾಲದಲ್ಲಿ ಇನ್ನೊಬ್ಬರು ಮಲಗೋ ಕೋಣೆ ಹೆಂಗಿರುತ್ತೆ ಅಂತ ನಾನು ನೋಡಿದ್ದೇ ಇವತ್ತು.”

ನಾನೂರು ಮನೆ ಎಂದು ಅವರ ಬಾಯಿಂದ ಮೆಲ್ಲಗೆ ಬಂತು. ಅವುಗಳಲ್ಲಿ ಎಷ್ಟು ಮನೆಯಲ್ಲಿ ಹಾಸಿದ್ದಾರೆ, ಎಷ್ಟು ಜನ ಕಾಲುಚೀಲ ಹಾಕಿಕೊಂಡು ಮಲಗಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರೇನೋ. ಆಮೇಲೆ ಗರಗಸ ತೆಗೆದು ಎರಡು ಬೆರಳ ಸಂದಿಯನ್ನು ನಾಲ್ಕು ಬೆರಳಿಗೆ ಏರಿಸಿದರು. ಇನ್ನು ಮುಂದೆ ಎಲ್ಲ ಪೆಟ್ಟಿಗೆಗೂ ನಾಲ್ಕೇ ಎಂದರು. ಹಳೆಯ ಮನೆಗಳಿಗೂ ಒಂದೊಂದಾಗಿ ಹೋಗಿ ಬಾಗಿಲು ತಟ್ಟುತ್ತಾರಂತೆ. ಕೆಲಸ ಮುಗಿಸಿ ಹಿಂದೆ ಸರಿದು ಕುಕ್ಕರಗಾಲಿನಲ್ಲಿ ಕೂತರು.

ದಾರ ಮೊದಲು ತುದಿಯಲ್ಲಿ ನಡುಗಿತು. ಆಮೇಲೆ ಇಡೀ ದಾರ ಎದ್ದು ಆಡತೊಡಗಿತು. ಮೇಸ್ತ್ರಿ ಅಂಗೈಯನ್ನು ಜಾಲರಿಯ ಮೇಲೆ ಹಿಡಿದರು, ಸಾಲದೆಂದು ಕೆನ್ನೆಯನ್ನೂ ಒಡ್ಡಿದರು. ಇಷ್ಟು ಬಿಸಿ ಬರುತ್ತಾ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಐದು ನಿಮಿಷ ಹಾಗೇ ಕೂತಿದ್ದರು. ನಾನೂ ಕೂತಿದ್ದೆ.

ಹೊರಡುವಾಗ ಚಪ್ಪಲಿ ಮೆಟ್ಟಿದವರು ಮತ್ತೆ ಬಿಟ್ಟರು. ನಿಮ್ಮ ಪಕ್ಕದ ಸಣ್ಣ ಕೋಣೆಯ ಹೀಟರು ಏಳು ಪಕ್ಕೆಲುಬಿನದು ಎಂದರು. ಅಳತೆಗೆ ಬಂದ ದಿನವೇ ನೋಡಿಕೊಂಡಿದ್ದರಂತೆ. ಅಷ್ಟು ಸಣ್ಣದು ಬೇರೆ ಮನೆಗಳಲ್ಲಿ ಕಂಡಿಲ್ಲ, ಅಕ್ಕನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅಕ್ಕನ ಪೆಟ್ಟಿಗೆಯ ತಪ್ಪನ್ನು ತಾನು ತಿದ್ದಿ ಹದಿನೆಂಟು ವರ್ಷವಾಯಿತು, ಹೂವಿನ ನಡುನಡುವೆ ಕೊರೆದು ಜಾಲರಿ ಮಾಡಿದ್ದಾಗಿದೆ, ಆದರೆ ಅದನ್ನು ಇಟ್ಟು ನೋಡಲು ಒಂದು ಹೀಟರು ಸಿಕ್ಕಿಲ್ಲ ಎಂದು ನೆಲ ನೋಡುತ್ತ ಹೇಳಿದರು.

“ಇಟ್ಕೊಳ್ಳಿ ಅಂತ ಅಲ್ಲ ಮೇಡಂ. ಒಂದು ಬೆಳಗ್ಗೆ, ಒಂದೇ ಒಂದು ಗಂಟೆ. ಆಮೇಲೆ ತಗೊಂಡು ಹೋಗ್ತೀನಿ.”

ಭಾನುವಾರ ಬೆಳಗ್ಗೆ ಏಳಕ್ಕೆ ಗಂಡ ಹೆಂಡತಿ ಇಬ್ಬರೂ ತಳ್ಳುಗಾಡಿಯಲ್ಲಿ ತಂದರು. ಗೋಣಿ ತೆಗೆದಾಗ ಮೊದಲ ಸಲ ಅದನ್ನು ಕಂಡೆ. ಬಳ್ಳಿ, ಎಲೆ, ಹೂವು ಎಲ್ಲವೂ ಹಾಗೇ ಇವೆ, ಪ್ರತಿ ಎಸಳಿನ ಸುತ್ತ ಬೆಳಕು ತೂರುವಷ್ಟು ಸಂದಿ. ಪೆಟ್ಟಿಗೆ ಏಳು ಪಕ್ಕೆಲುಬಿನ ಹೀಟರಿಗೆ ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂತಿತು. ಮೇಸ್ತ್ರಿ ಜೇಬಿನಿಂದ ನೀಲಿ ದಾರ ತೆಗೆದರು. ಗಂಟು ಹಾಕಿದ್ದು ಹೆಂಡತಿ.

ಕಾದೆವು. ದಾರ ಎದ್ದಿತು, ಆಡಿತು.

ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದರು, ಇವರು ಹೊರಗಿನ ಯಾವ ಹೆಂಗಸನ್ನೂ ಬಾಯಿಮಾತಿಗೂ ಅಕ್ಕ ಎನ್ನುವುದಿಲ್ಲ, ಅದಕ್ಕೇ ಎಲ್ಲರೂ ಮೇಡಂ ಎಂದು. ನಾನು ಚಹಾಕ್ಕೆಂದು ಏಳುತ್ತಿದ್ದೆ. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ಜಾಲರಿಗೆ ಕೆನ್ನೆಯೊಡ್ಡಿ, ಕಣ್ಣು ಮುಚ್ಚಿಕೊಂಡು ಹೇಳಿದರು.

“ಈಗ ಬಿಸಿ ಬರ್ತಿದೆ ಅಕ್ಕ.”